ಹುಸೇನ್‌ಸಾಬರ ನಾಲ್ಕು ನಿಮಿಷ

1998ನೆಯ ಇಸವಿ, ಆಗ ನನಗೆ ಮೂವತ್ತೊಂದು ವರ್ಷ. ಆ ವರ್ಷ ನಾನು ಒಂದು ಚಲನಚಿತ್ರವನ್ನು ಅಳಿಸಿದೆ. ಅದು ಕೈತಪ್ಪಿ ಅಳಿಸಿಹೋಯಿತೆಂದು ಹೇಳಿದೆ — ಅದು ಸುಳ್ಳು.

ಚಿತ್ರ ಯೂಸುಫನದು. ಭದ್ರಾವತಿಯ ಸ್ಟುಡಿಯೊ ಒಂದರಲ್ಲಿ ಅವನು ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ನಾನು ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆಷಾಢದಲ್ಲಿ ಮದುವೆಗಳಿಲ್ಲದೆ ಕ್ಯಾಮೆರಾ ಸುಮ್ಮನೆ ಕುಳಿತಿರುತ್ತಿತ್ತು. ಆ ಒಂದು ತಿಂಗಳಲ್ಲಿ, ಯಾವ ನಿರ್ಮಾಪಕನ ಹಂಗೂ ಇಲ್ಲದೆ, ಒಂದು ಗಂಟೆಯ ಚಿತ್ರ ಮಾಡಬೇಕೆಂಬುದು ಅವನ ಹಟ. ಊರಿನ ಮದುವೆಗಳಿಗೆಲ್ಲ ಕ್ಲಾರಿನೆಟ್ ಊದಿದ ಬ್ಯಾಂಡ್‌ಸೆಟ್ಟಿನ ಮುದುಕ, ಯೌವನದಲ್ಲಿ ಮನಸ್ಸಿನ ಮಾತು ಹೇಳಲಾಗದೆ ತಾನು ಕೈಬಿಟ್ಟ ಹೆಂಗಸಿನೆದುರು, ಅವಳೊಬ್ಬಳಿಗಾಗಿ ಊದುತ್ತಾನೆ — ಇಷ್ಟೇ ಕತೆ.

ಮುದುಕನಾಗಿ ನಟಿಸಿದವರು ಯೂಸುಫನ ತಂದೆ ಹುಸೇನ್‌ಸಾಬರು. ಅವರು ನಿಜವಾಗಿಯೂ ಬ್ಯಾಂಡಿನಲ್ಲಿ ಊದಿದವರು. ಹೆಂಡತಿ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ಮಗನಿಗಾಗಿ ತೆರೆದರು.

ಸಂಭಾಷಣೆ ನನ್ನದು. ನಲವತ್ತು ಪುಟ, ಒಂದು ಚಿತ್ತಿಲ್ಲ. ಹುಸೇನ್‌ಸಾಬರು ಎರಡು ಸಾಲು ಓದಿ ಕನ್ನಡಕ ತೆಗೆದರು.

"ಮೇಷ್ಟ್ರೇ, ಇಷ್ಟ್ ಚೆಂದಾಗಿ ಮಾತಾಡೋಕೆ ಬಂದಿದ್ರೆ ನಾನ್ಯಾಕೆ ಕ್ಲಾರಿನೆಟ್ ಊದ್ತಿದ್ದೆ? ಅವಳ್ನ ಅವತ್ತೇ ಒಪ್ಪಿಸ್ತಿದ್ದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ — ತುಟಿಯಿಂದ ಮಾತ್ರ. ಯೂಸುಫ ನನ್ನ ಪುಟಗಳನ್ನು ಬದಿಗಿಟ್ಟ.

ಕ್ಲಾರಿನೆಟ್ ನುಡಿಸಿದ್ದು ಒಂದೇ ಸಲ, ನಾಲ್ಕು ನಿಮಿಷ. ಉಬ್ಬಸದ ಆ ಮನುಷ್ಯ ಮುಗಿಸಿ ಗೋಡೆ ಹಿಡಿದು ಕುಳಿತರು. "ಇನ್ನೊಂದ್ಸಲ ಅನ್ಬೇಡ ಮಗ್ನೇ, ಇದ್ದ ಉಸ್ರೆಲ್ಲ ಅದ್ರೊಳ್ಗೆ ಹೋಯ್ತು."

ರವೀಂದ್ರನಗರದ ಗೆಳೆಯರೊಬ್ಬರ ಮನೆಯಲ್ಲಿ, ಭಾನುವಾರ ಮಧ್ಯಾಹ್ನ, ಮೂವತ್ತು ಜನರ ಮುಂದೆ ಚಿತ್ರದ ಪ್ರದರ್ಶನ. ಆ ನಾಲ್ಕು ನಿಮಿಷಗಳಲ್ಲಿ ಯಾರೂ ಕೆಮ್ಮಲಿಲ್ಲ. ನನ್ನ ಕಣ್ಣೂ ತೇವಗೊಂಡಿತ್ತು, ಅದನ್ನೂ ಮುಚ್ಚಿಡಲಾರೆ. ಆಮೇಲೆ ಹೆಸರುಗಳು ಬಂದವು. ನನ್ನದು ಕೃತಜ್ಞತೆಯ ಪಟ್ಟಿಯಲ್ಲಿತ್ತು, ಚಹಾ ಒದಗಿಸಿದವರ ಕೆಳಗೆ.

ಯೂಸುಫನಿಗೆ ಅಲ್ಲಿಂದ ನೇರ ಸಾಗರಕ್ಕೆ, ಮರುದಿನದ ಮದುವೆಗೆ ಹೋಗಬೇಕಿತ್ತು. "ಕ್ಯಾಸೆಟ್ ಮೇಷ್ಟ್ರ ಹತ್ರಾನೇ ಇರ್ಲಿ. ಅವ್ರ ಹತ್ರ ಇದ್ರೆ ಬ್ಯಾಂಕಲ್ಲಿಟ್ಟಂಗೆ," ಎಂದ. ಇದ್ದದ್ದು ಅದೊಂದೇ. ಚಿತ್ರೀಕರಿಸಿದ ಕ್ಯಾಸೆಟ್ಟುಗಳ ಮೇಲೆ ಆಗಲೇ ಶ್ರಾವಣದ ಮದುವೆಗಳು ಕುಳಿತಿದ್ದವು — ಸ್ಟುಡಿಯೊಗಳ ರೂಢಿ ಅದು. ಉಳಿಯಬೇಕಾದ ಕ್ಯಾಸೆಟ್ಟಿಗೆ ಮಾತ್ರ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿಯುತ್ತಾರೆ. ಮುರಿದ ಮೇಲೆ ಅದರ ಮೇಲೆ ಬೇರೇನೂ ಮುದ್ರಣವಾಗದು. ಆ ಕಿಂಡಿಯನ್ನು ಟೇಪು ಅಂಟಿಸಿ ಮುಚ್ಚಿದರೆ, ಆಗುತ್ತದೆ.

ಸೋಮವಾರ ಶಾಲೆಯಿಂದ ಬಂದು ಟೇಪು ಅಂಟಿಸಿದೆ. ದೂರದರ್ಶನದಲ್ಲಿ ಏನು ಬರುತ್ತಿತ್ತೋ ಅದನ್ನು ಒಂದು ಗಂಟೆ ತುಂಬಿಸಿದೆ. ಖಾಲಿ ಕ್ಯಾಸೆಟ್ಟುಗಳು ಎರಡಿದ್ದವು. ನಿಲ್ಲಿಸುವ ಗುಂಡಿ ಕೈಗೆಟುಕುವಷ್ಟು ಹತ್ತಿರವಿತ್ತು — ಆದರೂ... ಮುಗಿದ ಮೇಲೆ ಟೇಪು ಕಿತ್ತು, ಸುರುಳಿಯನ್ನು ಮೊದಲಿಗೆ ತಿರುಗಿಸಿ, ಡಬ್ಬಿಯಲ್ಲಿಟ್ಟೆ.

"ಕೈತಪ್ಪಿ ಅಳಿಸಿಹೋಯಿತು," ಎಂದೆ. ಯೂಸುಫ ಆ ಕಿಂಡಿಯ ಮೇಲೆ ಹೆಬ್ಬೆರಳಾಡಿಸಿದ. "ಆಗ್ಲಿ ಬಿಡಿ ಮೇಷ್ಟ್ರೇ," ಎಂದ. ಮತ್ತೆ ಅವನು ಚಿತ್ರ ಮಾಡಲಿಲ್ಲ. ಹುಸೇನ್‌ಸಾಬರು ಮೂರು ವರ್ಷದ ನಂತರ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಬಾಯಿ ಬಿಡಲಿಲ್ಲ.

ನಿಜ ಹೇಳಿದ್ದು ಇನ್ನೂ ಆರು ವರ್ಷಕ್ಕೆ, ಯೂಸುಫನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ನಾನು ಮಾತು ಮುಗಿಸುವವರೆಗೂ ಅವನು ಕೈಯಲ್ಲಿದ್ದ ಫೋನಿನ ತಿರುಪು ಬಿಗಿಯುತ್ತಲೇ ಇದ್ದ.

"ಗೊತ್ತು ಮೇಷ್ಟ್ರೇ. ಚೂರು ಮುರ್ದಿದ್ದು ನಾನೇ ಅಲ್ವಾ? ಕೈತಪ್ಪಿ ಹೆಂಗ್ ಅಳ್ಸೋಗತ್ತೆ? ಅಂಟು ಹಂಗೇ ಇತ್ತು. ಕರಿಬೋರ್ಡ್ ಒರೆಸ್ದಂಗೆ ಅದ್ನೂ ಒರೆಸ್ಬೇಕಿತ್ತು ನೀವು."

"ಮತ್ತೆ ಯಾಕಪ್ಪ ಕೇಳಲಿಲ್ಲ?"

"ನಮ್ಮಬ್ಬಾನೇ ಬೇಡ ಅಂದ್ರು. ಮೇಷ್ಟ್ರು ಮರ್ಯಾದಸ್ಥರು, ತಾವೇ ಬಂದು ಹೇಳ್ತಾರೆ, ಕಾಯಿ ಅಂದ್ರು. ನೀವು ಬಂದ್ರೆ ಇನ್ನೊಂದ್ಸಲ ಊದಿ ನೋಡ್ತೀನಿ ಅಂತ ಕ್ಲಾರಿನೆಟ್ ಒರೆಸಿಟ್ಕೊಂಡಿದ್ರು. ಸಾಯೋ ತಂಕ."

ಅವನು ಕಪಾಟಿನಿಂದ ಆ ಕ್ಯಾಸೆಟ್ ತೆಗೆದು ನನ್ನ ಮುಂದಿಟ್ಟ. "ಇದು ನಿಮ್ದು. ಇನ್ಮೇಲೆ ಈ ಕಡೆ ಬರ್ಬೇಡಿ."

ನಾನು ಹೋಗಿಲ್ಲ. ಅವನು ಹಾಗೆ ಹೇಳಿದ್ದು 2007ನೆಯ ಇಸವಿ ಫೆಬ್ರವರಿ 11, ಭಾನುವಾರ.