ಗೋಂದಣ್ಣ ಕತ್ತರಿಸಿದ ಹಾಳೆ

ಬೀದಿಯವರೆಲ್ಲ ಆ ಪುಸ್ತಕ ಬೈಂಡಿಂಗ್ ಮಾಡುವವನನ್ನು ಗೋಂದಣ್ಣ ಎನ್ನುತ್ತಿದ್ದರು. ಅವನ ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿತ್ತು ಎಂಬುದು ಅರ್ಧ ಕಾರಣ. ಅವನ ಮನಸ್ಸಿಗೆ ಒಮ್ಮೆ ಅಂಟಿದ ಸಿಟ್ಟು ಬಿಸಿನೀರು ಹಾಕಿದರೂ ಬಿಡದು ಎಂಬುದು ಉಳಿದರ್ಧ.

ದೇವರ ಮೇಲೂ ಅವನಿಗೆ ಸಿಟ್ಟಿತ್ತು. ಹಾಗಂತ ಚರ್ಚು ತಪ್ಪಿಸಿದವನಲ್ಲ. ಪ್ರತಿ ಭಾನುವಾರ ಮೂರನೇ ಬೆಂಚಿನ ತುದಿಯಲ್ಲಿ ಕೂತು, ಬೈಬಲಿನ ಕಥೆ ಕೇಳುತ್ತ ಹಲ್ಲು ಕಡಿಯುತ್ತಿದ್ದ. ಕುರುಡ ಅಪ್ಪನಿಗೆ ಟೋಪಿ ಹಾಕಿದ ಯಾಕೋಬನಿಗೆ ಆಶೀರ್ವಾದ. ಇನ್ನೊಬ್ಬನ ಹೆಂಡತಿಗೆ ಕೈಹಾಕಿ, ಗಂಡನನ್ನೂ ಕೊಲ್ಲಿಸಿದ ದಾವೀದನಿಗೆ ಸಿಂಹಾಸನ. "ನೆಟ್ಟಗೆ ಬಾಳಿದೋನಿಗೆ ಸಿಕ್ಕಿದ್ದೇನು? ಬೆನ್ನುನೋವು," ಎಂದು ಗೊಣಗುತ್ತಿದ್ದ.

ಈ ಸಿಟ್ಟಿಗೆ ಒಂದು ಮುಖವಿತ್ತು, ತಮ್ಮನದು. ತಾಯಿ ಎಂಟು ತಿಂಗಳು ಹಾಸಿಗೆ ಹಿಡಿದಾಗ ಮೈ ಒರೆಸಿದವನು, ಮಗ್ಗುಲು ಬದಲಿಸಿದವನು ಗೋಂದಣ್ಣ. ತಮ್ಮನೋ, ಬೀದಿ ಕೊನೆಯ ಸಾರಾಯಿ ಅಂಗಡಿಯಲ್ಲಿ ಬಿದ್ದಿರುತ್ತಿದ್ದ. ಆದರೂ ತಾಯಿ ಕೇಳುತ್ತಿದ್ದುದು ಒಂದೇ: "ಚಿಕ್ಕೋನು ಊಟ ಮಾಡಿದ್ನಾ?" ದೊಡ್ಡವನು ಉಂಡನೇ ಎಂದು ಆಕೆ ಸಾಯುವವರೆಗೂ ಕೇಳಲಿಲ್ಲ.

ತಮ್ಮ ಕುಡಿತ ಬಿಟ್ಟು ಮೂರು ವರ್ಷವಾದ ಮೇಲೆ ಒಂದು ದಿನ ಪಾದ್ರಿಗಳು ಚರ್ಚಿನ ದೊಡ್ಡ ಸತ್ಯವೇದವನ್ನು ಅಂಗಡಿಗೆ ತಂದರು. ಹೊಲಿಗೆಯೆಲ್ಲ ಸಡಿಲಾಗಿತ್ತು.

"ಭಾನುವಾರಕ್ಕೆ ಬೇಕಪ್ಪಾ. ನಿನ್ನ ತಮ್ಮ ಮೊದಲ್ನೇ ಸಲ ಎಲ್ಲರೆದುರು ಓದ್ತಾನೆ. ಪೇತ್ರನ ಭಾಗ."

ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿ ಜಾರಿಕೊಂಡ ಶಿಷ್ಯ ಪೇತ್ರನಿಗೇ, ಯೇಸು ಮತ್ತೆ ಕರೆದು ತನ್ನ ಭಕ್ತರ ಮಂದೆಯನ್ನು ಒಪ್ಪಿಸಿದ ಕಥೆ ಅದು. ಗೋಂದಣ್ಣ ಹೂಂ ಎಂದ.

ಹೊಸ ದಾರ ಹಾಕಿ ಹೊಲಿದ, ಬೆನ್ನಿಗೆ ಬಟ್ಟೆ ಅಂಟಿಸಿದ, ರಟ್ಟು ಕೂಡಿಸಿದ. ಕೆಲಸದಲ್ಲಿ ಒಂದು ಕುಂದು ಹುಡುಕಿದರೂ ಸಿಗದು. ಆಮೇಲೆ ಪೇತ್ರನ ಆ ಹಾಳೆಯನ್ನು ಹೊಲಿಗೆಯ ಬುಡದಲ್ಲಿ ಚಾಕುವಿನಿಂದ ನೀಟಾಗಿ ಕತ್ತರಿಸಿ ಜೇಬಿಗಿಳಿಸಿದ. ತಮ್ಮ ಎಲ್ಲರೆದುರು ಬೆಬ್ಬೆಬ್ಬೆ ಎನ್ನಬೇಕು, ಕುಡುಕನಿಗೆ ಇನ್ನೂ ಇಳಿದಿಲ್ಲವೆಂದು ಜನ ನಗಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಭಾನುವಾರ ತಮ್ಮ ಎದ್ದು ನಿಂತು ಪುಸ್ತಕ ತೆರೆದ. ಹಾಳೆ ಮುಂದೆ ತಿರುವಿದ, ಹಿಂದೆ ತಿರುವಿದ. ಹೆಬ್ಬೆರಳನ್ನು ಹೊಲಿಗೆಯ ಬುಡಕ್ಕೆ ಮೆಲ್ಲಗೆ ಎಳೆದ. ಕುಡಿತಕ್ಕೆ ಬೀಳುವ ಮೊದಲು ಅಣ್ಣನ ಜೊತೆ ಹಾಳೆ ಜೋಡಿಸಿದವನು ಅವನು. ಹರಿದ ಅಂಚು ಯಾವುದು, ಕತ್ತರಿಸಿದ ಅಂಚು ಯಾವುದು ಎಂದು ಬೆರಳಿಗೇ ತಿಳಿಯುತ್ತಿತ್ತು. ತಲೆಯೆತ್ತಿ ಮೂರನೇ ಬೆಂಚಿನತ್ತ ಒಮ್ಮೆ ನೋಡಿದ. ಮತ್ತೆ ಕಣ್ಣು ತಗ್ಗಿಸಿ, ಇಲ್ಲದ ಹಾಳೆಯನ್ನು ಒಂದಕ್ಷರ ಬಿಡದೆ ಓದಿದ. ಮಗುಚಬೇಕಾದ ಕಡೆ ಮಗುಚಿದ ಕೂಡ. ಯಾರಿಗೂ ಗೊತ್ತಾಗಲಿಲ್ಲ. ಬೈಂಡಿಂಗ್ ಅಂದ್ರೆ ಇದು ಎಂದು ಪಾದ್ರಿಗಳು ಎಲ್ಲರೆದುರು ಗೋಂದಣ್ಣನನ್ನು ಹೊಗಳಿದರು.

ಅವನು ಮೈಯೆಲ್ಲ ಉರಿದು ಬಾಗಿಲ ಹೊರಗೆ ತಮ್ಮನನ್ನು ಅಡ್ಡಹಾಕಿದ. "ಹೇಳ್ಬೇಕಿತ್ತು ಕಣೋ. ಎಲ್ಲರೆದುರು ನನ್ನ ಮಾನ ತೆಗೀಬೇಕಿತ್ತು. ದೊಡ್ಡ ಮನುಷ್ಯ ಆಗ್ತೀಯಾ ನನ್ನ ಹತ್ರ?"

"ಅದು ನಂಗೆ ಬಾಯಿಪಾಠ ಅಣ್ಣ. ಮೂರು ವರ್ಷದಿಂದ ಅದೊಂದನ್ನೇ ಹಿಡ್ಕೊಂಡಿದೀನಿ." ತಮ್ಮನು ಕೈ ಚಾಚಿದ. "ಕೊಡು, ಯಾರಿಗೂ ಕಾಣದ ಹಾಗೆ ಅಂಟಿಸ್ಬಿಡ್ತೀನಿ."

ಗೋಂದಣ್ಣ ಹಾಳೆಯನ್ನು ಅವನ ಎದೆಗೆ ಎಸೆದ. ತಮ್ಮ ಅದರ ಮಡಿಕೆ ಬಿಡಿಸುತ್ತ, ತಲೆಯೆತ್ತದೆ ಕೇಳಿದ: "ಊಟ ಮಾಡಿದ್ಯಾ?"

ಗೋಂದಣ್ಣನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಎತ್ತಿದ ಕೈ ಹಾಗೇ ನಿಂತಿತು.

"ಇಲ್ಲ," ಎಂದ, ಬೈದ ಹಾಗೆ.