ಕೆರೆಯ ಗೋಡಿಗೆ ಬಂದ ಕೆಟ್ಟ ಹೆಸರು

ಎಂಬತ್ತರ ದಶಕದ ಆರಂಭದಲ್ಲಿ ನಾನು ತುರುವೇಕೆರೆ ಕಡೆ ಮೀನುಗಾರಿಕೆ ಇಲಾಖೆಯಲ್ಲಿ ಸಹಾಯಕನಾಗಿದ್ದೆ. ದಂಡಿನಶಿವರದಾಚೆಯ ಒಂದು ಊರಿನ ಕೆರೆಗೆ ನಾನೇ ಬಿಟ್ಟಿದ್ದ ಗೆಂಡೆ ಮೀನುಗಳು ದಪ್ಪಗೆ ಬೆಳೆದವು, ಮರಿ ಮಾತ್ರ ಮಾಡಲಿಲ್ಲ. ಜೊಂಡಿನ ಬುಡವನ್ನೆಲ್ಲ ತಡಕಿದರೂ ಒಂದು ಮೊಟ್ಟೆ ಸಿಗಲಿಲ್ಲ.

ಜಿಲ್ಲೆಯಿಂದ ಬಂದ ನಮ್ಮ ಸಾಹೇಬರು ಮೀನು ಕೊಯ್ದು ನೋಡಿದರು, ಕೆರೆಯ ತಳದಲ್ಲಿ ಹೂಳಾಗಿ ಕೂತ ಕಪ್ಪು ಗೋಡನ್ನು ಮೂಸಿದರು. ತೆಂಗಿನ ನಾರಿಗೆ ಬಣ್ಣ ಹಾಕುವ ಶೆಡ್ಡಿನ ಕೊಳಕು ನೀರು ವರ್ಷಗಟ್ಟಲೆ ಹರಿದು ಅಲ್ಲಿ ಕೂತಿತ್ತು. ಆ ಗೋಡನ್ನೇ ಕೆದಕಿ ತಿನ್ನುವ ಗೆಂಡೆಗಳ ಹಾರ್ಮೋನು ಕೆಟ್ಟಿರಬೇಕು, ಮೊಟ್ಟೆಯಿಡುವ ಕಾಲ ಬಂದದ್ದು ಅವುಗಳ ಮೈಗೆ ಗೊತ್ತಾಗುತ್ತಿಲ್ಲ ಎಂದರು. ಅದನ್ನು ಪಂಚಾಯ್ತಿಗೆ ವಿವರಿಸುವ ಕೆಲಸ ನನಗೆ ಬಿತ್ತು.

ಛೇರ್ಮನ್ನರು ಕೊಬ್ಬರಿ ವ್ಯಾಪಾರಿ, ಮೀನು ಮುಟ್ಟದ ಮನೆತನದವರು. ಮೀನಿನ ದಾಂಪತ್ಯದ ಸಂಗತಿಯನ್ನು ಕಣ್ಣು ಮುಚ್ಚಿಕೊಂಡೇ ಪೂರ್ತಿ ಕೇಳಿದರು. ಸಂಜೆಯೊಳಗೆ ನನ್ನ ಮಾತಿನ ಅರ್ಧ ಮಾತ್ರ ಊರು ಸುತ್ತಿತು: ಗೋಡು ತಾಕಿದರೆ ಮಕ್ಕಳಾಗುವುದಿಲ್ಲ.

ಹೊಸದಾಗಿ ಮದುವೆಯಾದವರು ಎತ್ತು ತೊಳೆಯಲು ಕೆರೆಗಿಳಿಯುವುದನ್ನು ಬಿಟ್ಟರು. ತೋಟಕ್ಕೆ ಗೋಡು ಹೊಡೆಸಿದ್ದವರು ಇನ್ನು ಮರಗಳು ಹೊಂಬಾಳೆ ಬಿಡವೆಂದು ಹೆದರಿ ಅದನ್ನು ಮತ್ತೆ ಗಾಡಿಗೆ ತುಂಬಿ ಕೆರೆ ಏರಿಯ ಮೇಲೆ ಸುರಿದರು. ಕುಟುಂಬ ಯೋಜನೆಯ ನರ್ಸಮ್ಮನವರು ನನ್ನನ್ನು ಹುಡುಕಿಕೊಂಡು ಬಂದು, ನಿಮ್ಮಿಂದಾಗಿ ಆಪರೇಷನ್ನಿಗೆ ಯಾರೂ ಬರುತ್ತಿಲ್ಲ, ಎಲ್ಲರೂ ಕೆರೆಯ ಕಡೆ ಕೈ ತೋರಿಸುತ್ತಾರೆ ಎಂದು ತರಾಟೆಗೆ ತೆಗೆದುಕೊಂಡರು.

ಅವರು ಹೋದ ಬೆನ್ನಿಗೇ ಮಕ್ಕಳೊಂದಿಗೆ ಹೆಂಗಸೊಬ್ಬಳು ಬಂದು ಗೋಡಿನ ಮಂಕರಿಯನ್ನು ನನ್ನ ಬಾಗಿಲಲ್ಲಿ ಇಳಿಸಿದಳು. ಸೊಂಟದಲ್ಲೊಂದು ಕೂಸು, ಸೆರಗು ಹಿಡಿದವು ನಾಲ್ಕು.

"ಇದನ್ನ ಹೊಟ್ಟೆಗೆ ಹಚ್ಕಬೇಕಾ ಸಾ, ಇಲ್ಲಾ ಕಲಸ್ಕಂಡು ಕುಡೀಬೇಕಾ?"

ಇದು ಮನುಷ್ಯರಿಗಲ್ಲ ಕಣಮ್ಮ, ಕುಡಿದರೆ ಕಾಯಿಲೆ ಬೀಳ್ತೀಯ ಎಂದೆ.

"ಮೀನಿಗೆ ಆಯ್ತದೆ, ನಂಗ್ಯಾಕೆ ಆಗಲ್ಲ?"

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ನರ್ಸಮ್ಮನ ಬಳಿಗೆ ಕರೆದೊಯ್ದೆ. ಅಷ್ಟು ದಿನಕ್ಕೆ ಆಪರೇಷನ್ನಿನ ಪಟ್ಟಿಗೆ ಅವರಿಗೆ ಸಿಕ್ಕ ಮೊದಲ ಹೆಸರು ಅವಳದೇ.

ಶೆಡ್ಡಿನ ಯಜಮಾನರಿಗೆ ನಮ್ಮ ಇಲಾಖೆಯ ನೋಟೀಸು ನಾಟಿರಲಿಲ್ಲ. ಆದರೆ ಆ ಮನೆಯ ಗಂಡಸರಿಗೆ ಮಕ್ಕಳಾಗವೆಂದು ಶೆಟ್ಟಿಕೆರೆಯಲ್ಲಿ ಬೀಗರಾಗಬೇಕಿದ್ದವರು ಅವರ ಮಗನಿಗೆ ಹುಡುಗಿ ಕೊಡಲು ಹಿಂದೇಟು ಹಾಕಿದ್ದೇ ತಡ, ತಮ್ಮ ಜಮೀನಿನಲ್ಲೇ ಗುಂಡಿ ತೆಗೆಸಿ ಬಣ್ಣದ ನೀರನ್ನು ಅತ್ತ ತಿರುಗಿಸಿದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನೂ ಎತ್ತಿಸಿದೆವು. ಮಳೆ ಬಂದ ಮೇಲೆ ಹೊಸ ಗೆಂಡೆಗಳನ್ನು ಬಿಟ್ಟೆ. ಅವು ಬಲಿತ ವರ್ಷ ಜೊಂಡಿನ ಬೇರಿಗೆ ಸಾಸಿವೆಯಂತೆ ಮೊಟ್ಟೆಗಳು ಅಂಟಿದ್ದವು. ಸಂತೋಷ ತಡೆಯಲಾರದೆ ಅದನ್ನೂ ಛೇರ್ಮನ್ನರಿಗೆ ಹೇಳಿಬಿಟ್ಟೆ.

ಮುಂದಿನ ಸೋಮವಾರ ಅರಳಗುಪ್ಪೆಯಿಂದ ಮಕ್ಕಳಿಲ್ಲದ ಗಂಡಹೆಂಡಿರಿಬ್ಬರು ಅರಿಶಿನ ಕುಂಕುಮ ಹಿಡಿದು ಆ ಕೆರೆಯಲ್ಲಿ ಮೀಯಲು ಬಂದರು. ಜೊಂಡು ತುಳಿಯಬೇಡಿ ಎಂದಷ್ಟೇ ಕೇಳಿಕೊಂಡೆ.