ಹಸಿರು ಕಾರು, ಕೆಂಪು ಕಾರು, ನಮ್ಮ ಬಸ್ಸು

ಕುಣಿಗಲ್–ಅಮೃತೂರು ರೂಟಿನ ಖಾಸಗಿ ಬಸ್ಸಿಗೆ ನಾನು ಡ್ರೈವರ್. ಕಂಡಕ್ಟರ್ ನನ್ನ ಜೊತೆ ಆಡಿ ಬೆಳೆದವನು. ಹದಿನೆಂಟು ವರ್ಷ ಒಂದೇ ಬಸ್ಸು, ಒಂದೇ ಬುತ್ತಿ. ಅವನು ಒಂದು ವಿಷಲ್ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಮಿಕ್ಕಿದ್ದಕ್ಕೆಲ್ಲ ಬಾಯಿ ಇತ್ತು. ಅವನ ಬಾಯಿಗಂತೂ ಬಿಡುವೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಎರಡು ಕಾರು ತಿಂಡಿಗೆಂದು ಬರುತ್ತಿದ್ದವು. ಹಸಿರು ಕಾರು ಇಂಗ್ಲೆಂಡಿನದು, ಕೆಂಪು ಕಾರು ಇಟಲಿಯದು. ಎರಡಕ್ಕೂ ಎರಡೇ ಬಾಗಿಲು, ಮಾರುದ್ದ ಬಾನೆಟ್ಟು. ನಮ್ಮ ಟೈಮಿಗೆ ಕಾಯುತ್ತ, ಹೈವೇ ಪಕ್ಕದ ಟೀ ಅಂಗಡಿಯಲ್ಲಿ ನಿಂತು ನಾವು ಅವೆರಡರ ಜಾತಕ ಬಿಚ್ಚುತ್ತಿದ್ದೆವು.

ನನ್ನದು ಇಂಗ್ಲೆಂಡ್ ಪಕ್ಷ. ಸದ್ದಿಲ್ಲದೆ ಹೊರಡುವ ಗಾಡಿ. ಒಳಗೆ ಕೂತವರ ಹೊಟ್ಟೆಯ ನೀರೂ ಅಲುಗುವುದಿಲ್ಲ. ಮಂಗಳೂರಿಗೆ ಹೋಗಿ ಬಂದರೂ ಸೊಂಟ ಹಿಡಿಯುವುದಿಲ್ಲ. ಅವನಿಗೆ ಇಟಲಿಯದೇ ಆಗಬೇಕು.

“ನಿಂದು ದೇವ್ರನ್ನ ಕೂರ್ಸ್ಕಂಡು ಹೋಗೋ ಗಾಡಿ ಕಣ್ಲಾ. ನಂದು ಸ್ಟಾರ್ಟ್ ಮಾಡುದ್ರೆ ಎದೆ ಜುಮ್ ಅಂತದೆ!”

“ಹಂಪ್ ಮೇಲೆ ಹೊಟ್ಟೆ ಉಜ್ಕಂಡು ಹೋಯ್ತದಲ್ಲೋ, ಅದೂ ಒಂದು ಗಾಡೀನಾ?”

“ಉಜ್ಕಳ್ಳಿ ಬುಡು. ಓಡೋದು ಅಂದ್ರೆ ಅದು!”

ಇಬ್ಬರೂ ಆ ಕಾರುಗಳ ಬಾಗಿಲು ಸಹ ಮುಟ್ಟಿದವರಲ್ಲ. ಆದರೂ ಟಿಕೆಟ್ ಹರಿಯುತ್ತಲೇ ಅವನು ಹಿಂದಿನಿಂದ ಕೂಗುತ್ತಿದ್ದ, ಗೇರ್ ಬದಲಿಸುತ್ತಲೇ ನಾನು ಮುಂದಿನಿಂದ ಕೂಗುತ್ತಿದ್ದೆ. ಅಮೃತೂರು ಬಂದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ಅಂಗಡಿ ತುಂಬ ಜನ. ಎಲ್ಲರೂ ಅವನ ಕಡೆಗೇ ಸೇರಿಬಿಟ್ಟರು. ನನ್ನದು ಮೊದಲೇ ಹಾಳು ಕೋಪ.

“ಸ್ಟೇರಿಂಗ್ ಹಿಡ್ದೋನಿಗೆ ಗೊತ್ತು ಗಾಡಿ ಏನೂಂತ. ಒಂದೇ ಕಣ್ಣಲ್ಲಿ ನೀನೇನ್ಲಾ ನೋಡಿದ್ದೀಯ?” ಅಂದುಬಿಟ್ಟೆ.

ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಅವನ ಎಡಗಣ್ಣು ಹೋಗಿತ್ತು. ನೋಡಿದವರಿಗೆ ತಿಳಿಯುವುದಿಲ್ಲ. ಡ್ರೈವರ್ ಆಗಬೇಕೆಂದೇ ಕ್ಲೀನರಾಗಿ ಸೇರಿದವನು, ಲೈಸೆನ್ಸ್ ಸಿಗದೆ ಕಂಡಕ್ಟರ್ ಆದ. ಅದು ಆ ಅಂಗಡಿಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ವಿಷಯ.

ಜನ ನಕ್ಕರು. ಅವನು ಟೀ ಲೋಟ ಕೆಳಗಿಟ್ಟು, ಬಸ್ ಹತ್ತಿ, ಎರಡು ವಿಷಲ್ ಊದಿದ. ಹೊರಡಲು ಇನ್ನೂ ಹತ್ತು ನಿಮಿಷ ಇತ್ತು.

ಅವತ್ತಿನಿಂದ ಅವನು ನನ್ನೊಂದಿಗೆ ಆಡುವುದು ವಿಷಲ್ ಮಾತು ಮಾತ್ರ. ಬುತ್ತಿಯನ್ನು ಹಿಂದಿನ ಸೀಟಿನಲ್ಲಿ ಕೂತು ಉಣ್ಣುತ್ತಾನೆ. ನಾನು ಸ್ಟೇರಿಂಗ್ ಮುಂದೆ ಒಬ್ಬನೇ ಉಣ್ಣುತ್ತೇನೆ. ಐವತ್ತು ಜನ ಕೂತ ಬಸ್ಸಿನಲ್ಲಿ ನನ್ನಷ್ಟು ಒಂಟಿ ಇನ್ನೊಬ್ಬರಿಲ್ಲ. ತಪ್ಪಾಯಿತು ಅನ್ನಲು ಎಷ್ಟೋ ಸಲ ಹೋದೆ. ಹಾಳು ಬಾಯಿ, ಬೇಡದ್ದಕ್ಕೆ ತೆರೆಯುತ್ತದೆ, ಬೇಕಾದಾಗ ಹೊಲಿದುಕೊಳ್ಳುತ್ತದೆ.

ಹೋದ ಭಾನುವಾರ ಕೆಂಪು ಕಾರೊಂದೇ ಬಂದಿತ್ತು. ನಾವು ಹೊರಡುವ ಹೊತ್ತಿಗೆ ಅದೂ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ನೋಡಿದೆ. ಅವನು ಹಿಂಬಾಗಿಲಲ್ಲಿ ನಿಂತು, ಕತ್ತೆತ್ತಿ, ಆ ಸದ್ದು ಕೇಳುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡೆ. ತಡೆಯಲಾಗಲಿಲ್ಲ.

“ಲೋ, ನೀನೇ ಗೆದ್ದೆ ಕಣ್ಲಾ!” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದೆ. “ಗಾಡಿ ಅಂದ್ರೆ ನಿಂದೇಯ. ಅವತ್ತು ಹಂಗಂದ ನನ್ ಬಾಯಿಗೆ ಹುಳ ಬೀಳ!”

ಕನ್ನಡಿಯೊಳಗೇ ಅವನು ನನ್ನನ್ನು ನೋಡಿದ. ವಿಷಲ್ ತುಟಿಗೆ ಇಟ್ಟ. ಒಂದೇ ಊದಲಪ್ಪ, ಬಸ್ ಆಫ್ ಮಾಡಿ ಇಳಿದು ಓಡಿ ಬರುತ್ತೇನೆ ಅಂದುಕೊಂಡು ಕಾಲನ್ನು ಬ್ರೇಕಿನ ಮೇಲೆ ಒತ್ತಿ ಹಿಡಿದೆ.

ಎರಡು ಊದಿದ.